ಸೈನಸ್ಸಿಗೆ ಜಾರಿದ ಇಂಪ್ಲಾಂಟನ್ನು ಹೊರತೆಗೆಯುವುದು ಹೇಗೆ

ಮೇಲ್ದವಡೆಯ ಹಿಂಭಾಗದಲ್ಲಿ ಇಂಪ್ಲಾಂಟ್ (ಹೋದ ಹಲ್ಲಿನ ಬೇರಿನ ಬದಲು ಮೂಳೆಯಲ್ಲಿ ಕೂರಿಸುವ ಟೈಟಾನಿಯಂ ತಿರುಪು) ಕೂರಿಸುವಾಗ ಅದು ಸೈನಸ್ಸಿನೊಳಗೆ ಜಾರಿದರೆ, ಕೂರಿಸುತ್ತಿದ್ದ ದಂತವೈದ್ಯರು ಒಮ್ಮೊಮ್ಮೆ ರೋಗಿಯ ಪಕ್ಕದಿಂದಲೇ ನನಗೆ ಫೋನ್ ಮಾಡುತ್ತಾರೆ. ಅವರ ಪ್ರಶ್ನೆ ಸಾಮಾನ್ಯವಾಗಿ ಒಂದೇ. "ಮೇಡಂ, ಇದನ್ನ ಹೇಗೆ ತೆಗೀಲಿ?" ನನ್ನ ಮರುಪ್ರಶ್ನೆಯೂ ಒಂದೇ. "ರೋಗಿ ಈಗ ಮಲಗಿದ್ದಾರಾ, ಕೂತಿದ್ದಾರಾ?"

ಸುಮ್ನೆ ಕೇಳುವ ಪ್ರಶ್ನೆಯಲ್ಲ ಇದು. ಸೈನಸ್ ಎಂದರೆ ಮೇಲ್ದವಡೆಯ ಮೂಳೆಯೊಳಗೆ ಗಾಳಿ ತುಂಬಿದ ಖಾಲಿ ಜಾಗ. ಅಲ್ಲಿ ಬಿದ್ದ ಲೋಹದ ತುಂಡು ತಲೆ ವಾಲಿದ ಕಡೆಗೆ ಉರುಳುತ್ತದೆ. ಬೆಳಿಗ್ಗೆ ಎಕ್ಸ್‌ರೇಯಲ್ಲಿ ಸೈನಸ್ಸಿನ ತಳದಲ್ಲಿ ಕಂಡದ್ದು ಮಧ್ಯಾಹ್ನ ಆಪರೇಷನ್ ಟೇಬಲ್ ಮೇಲೆ ಹಿಂಗೋಡೆಯ ಹತ್ತಿರ ಹೋಗಿ ಕೂತಿರಬಹುದು. ಅದು ಈ ಕ್ಷಣಕ್ಕೆ ಎಲ್ಲಿದೆ ಎಂದು ಗೊತ್ತಿದ್ದರೆ ಶಸ್ತ್ರಚಿಕಿತ್ಸೆ ಸಲೀಸು. ಗೊತ್ತಿಲ್ಲದಿದ್ದರೆ ಮೂಳೆಯಲ್ಲಿ ಎಷ್ಟು ದೊಡ್ಡ ಕಿಟಕಿ ಕೊರೆದರೂ ಹುಡುಕಾಟವೇ.

ನಾನು ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸಕಿ. ಈ ಬರಹ ನನ್ನ ಕೈಕೆಳಗೆ ಕಲಿಯುತ್ತಿರುವವರಿಗೆ ಮತ್ತು ಇಂಪ್ಲಾಂಟ್ ಹಾಕುವ ದಂತವೈದ್ಯರಿಗೆ. ತರಬೇತಿ ಇಲ್ಲದವರು ಇದನ್ನು ಓದಿಕೊಂಡು ಕತ್ತರಿ ಹಿಡಿಯಬಾರದು. ಆದರೆ ಮೊದಲ ಹತ್ತು ನಿಮಿಷದಲ್ಲಿ ಏನು ಮಾಡಬೇಕು, ಏನು ಮಾಡಬಾರದು ಅನ್ನುವುದು ಇಂಪ್ಲಾಂಟ್ ಹಾಕುವ ಎಲ್ಲರಿಗೂ ತಿಳಿದಿರಬೇಕು.

ಇಲ್ಲಿ ಕೆಲಸ ಮೂರು. ಇಂಪ್ಲಾಂಟ್ ತೆಗೆಯುವುದು, ಬಾಯಿಗೂ ಸೈನಸ್ಸಿಗೂ ಬಿದ್ದ ತೂತನ್ನು ಮುಚ್ಚುವುದು, ಸೈನಸ್ಸಿನ ಲೋಳೆ ಮೂಗಿಗೆ ಹರಿಯುವ ದಾರಿ ತೆರೆದಿದೆಯೇ ಎಂದು ನೋಡಿಕೊಳ್ಳುವುದು. ಹೆಚ್ಚಿನವರು ಮೊದಲನೆಯದನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ನನ್ನ ಹತ್ತಿರ ಎರಡನೇ ಸಲ ಬರುವ ರೋಗಿಗಳು ಸಾಮಾನ್ಯವಾಗಿ ಉಳಿದ ಎರಡು ಕೆಲಸ ಅರ್ಧಕ್ಕೆ ನಿಂತವರು.

ಜಾಗದ ಪರಿಚಯ

ಮೇಲ್ದವಡೆಯ ಸೈನಸ್ಸನ್ನು 1651ರಲ್ಲಿ ನಥಾನಿಯಲ್ ಹೈಮೋರ್ ವಿವರವಾಗಿ ಬಣ್ಣಿಸಿದ. ಹಳೆಯ ಪುಸ್ತಕಗಳಲ್ಲಿ ಇದಕ್ಕೆ ಅವನದೇ ಹೆಸರು. ವಯಸ್ಕರಲ್ಲಿ ಇದರ ಒಳಗೆ ಸುಮಾರು 12ರಿಂದ 15 ಮಿ.ಲೀ. ಹಿಡಿಯುತ್ತದೆ. ಮೇಲೆ ಕಣ್ಣಿನ ಗೂಡು, ಒಳಬದಿಗೆ ಮೂಗು, ಕೆಳಗೆ ದವಡೆ ಹಲ್ಲುಗಳ ಬೇರು. ಒಳಗೆಲ್ಲ ಹೆಚ್ಚುಕಡಿಮೆ ಒಂದು ಮಿ.ಮೀ. ದಪ್ಪದ ಪೊರೆ. ಹಲ್ಲು ಹೋದ ಮೇಲೆ ಸೈನಸ್ ಕೆಳಗೆ ಇಳಿಯುತ್ತದೆ, ಹಲ್ಲು ಕೂರುವ ದವಡೆ ದಿಂಡು ಮೇಲಿನಿಂದಲೂ ಕೆಳಗಿನಿಂದಲೂ ಸವೆಯುತ್ತದೆ. ಕೆಲವರಲ್ಲಿ ನಡುವೆ ಎರಡು ಮೂರು ಮಿ.ಮೀ. ಮೂಳೆ ಉಳಿದಿದ್ದರೆ ಅದೇ ದೊಡ್ಡದು.

ಇದರ ಹೊರದಾರಿ ಇರುವ ಜಾಗ ವಿಚಿತ್ರ. ಬಚ್ಚಲಿನ ತೂಬನ್ನು ಚಾವಣಿಯ ಹತ್ತಿರ ಇಟ್ಟ ಹಾಗೆ, ಲೋಳೆ ಮೂಗಿಗೆ ಹೋಗುವ ಆಸ್ಟಿಯಮ್ ಒಳಗೋಡೆಯ ತೀರಾ ಮೇಲುಗಡೆ ಇದೆ. ಪೊರೆಯ ಮೇಲಿನ ಸಣ್ಣ ರೋಮಗಳು ಲೋಳೆಯನ್ನು ಭೂಮಿಯ ಸೆಳೆತಕ್ಕೆ ವಿರುದ್ಧವಾಗಿ ಅಲ್ಲಿಗೆ ತಳ್ಳುತ್ತಿರುತ್ತವೆ. ಕೆಳಗೆ ಬೇರೆ ತೂತು ಮಾಡಿಕೊಟ್ಟರೂ ರೋಮಗಳು ಲೋಳೆಯನ್ನು ಹಳೆಯ ಬಾಗಿಲಿನ ಕಡೆಗೇ ಒಯ್ಯುತ್ತವೆ. ಆ ಬಾಗಿಲು ಊದಿಕೊಂಡು ಮುಚ್ಚಿದರೆ ಲೋಳೆ ನಿಲ್ಲುತ್ತದೆ, ನಿಂತದ್ದು ಕೀವಾಗುತ್ತದೆ. ಅಲೆದಾಡುವ ಇಂಪ್ಲಾಂಟ್ ಕೆಲವೊಮ್ಮೆ ಆಸ್ಟಿಯಮ್‌ನ ಬಾಯಿಗೇ ಹೋಗಿ ಸಿಕ್ಕಿಕೊಳ್ಳುವುದೂ ಇದೆ. ಅಲ್ಲಿಂದ ಮುಂದೆ ಎತ್ಮಾಯ್ಡ್, ಸ್ಫೀನಾಯ್ಡ್ ಸೈನಸ್‌ಗಳಿಗೆ, ಕಣ್ಣಿನ ಗೂಡಿಗೆ ಹೋದ ಪ್ರಕರಣಗಳೂ ವರದಿಯಾಗಿವೆ. ಹಾಗಾಗಿ ತೊಂದರೆ ಏನೂ ಇಲ್ಲ ಅಂದರೂ ಅದನ್ನು ಒಳಗೆ ಬಿಡುವುದು ನನಗೆ ಒಪ್ಪಿಗೆಯಿಲ್ಲ. ಹಾಗಂತ ಇದು ಅದೇ ರಾತ್ರಿ ಓಡಿಹೋಗಿ ಮಾಡಬೇಕಾದ ತುರ್ತು ಕೆಲಸವೂ ಅಲ್ಲ.

ಜಾರುವುದಕ್ಕೆ ಕಾರಣಗಳು ನಿಮಗೆ ಗೊತ್ತಿರುವಂಥವೇ. ಮೂಳೆಯ ಎತ್ತರ ಕಡಿಮೆ, ಮೂಳೆ ಮೆತ್ತಗೆ, ಡ್ರಿಲ್ ಅಗತ್ಯಕ್ಕಿಂತ ಅಗಲ, ಹಾಕಿದಾಗಲೇ ಬಿಗಿ ಸಿಗದಿದ್ದರೂ "ಇರಲಿ, ಕೂರುತ್ತೆ" ಎಂದು ಬಿಟ್ಟದ್ದು. ಇಂಪ್ಲಾಂಟ್‌ನ ಬಾಯಿ ಮುಚ್ಚುವ ಕವರ್ ಸ್ಕ್ರೂ ಬಿಗಿಯುವಾಗಿನ ಕೊನೆಯ ಒತ್ತು ಎಷ್ಟೋ ಇಂಪ್ಲಾಂಟ್‌ಗಳನ್ನು ಒಳಗೆ ಕಳಿಸಿದೆ. ತಿಂಗಳು, ವರ್ಷ ಕಳೆದ ಮೇಲೆ ಜಾರುವುದೂ ಇದೆ. ಸುತ್ತಲಿನ ಮೂಳೆ ಸೋಂಕಿನಿಂದ ಕರಗಿದಾಗ, ಇಲ್ಲವೇ ಮೂಳೆ ಬೆಸೆಯುವ ಮೊದಲೇ ಕಚ್ಚುವ ಭಾರ ಬಿದ್ದಾಗ ಹೀಗಾಗುತ್ತದೆ.

ಜಾರಿದ ಕೂಡಲೇ

ಕೈ ನಿಲ್ಲಿಸಿ. ಇದೇ ಮೊದಲ ಹೆಜ್ಜೆ, ಎಲ್ಲಕ್ಕಿಂತ ಕಷ್ಟದ್ದೂ ಇದೇ. ಇಂಪ್ಲಾಂಟ್‌ಗೆಂದು ಕೊರೆದ ಕುಳಿಯೊಳಗೆ ಪ್ರೋಬ್, ಕ್ಯುರೆಟ್, ಆರ್ಟರಿ ಫೋರ್ಸೆಪ್ಸ್ ಹಾಕಿ ತಡಕಾಡಬೇಡಿ. ಪೊರೆಯ ಸಣ್ಣ ಹರುಕು ದೊಡ್ಡದಾಗುತ್ತದೆ, ಪೊರೆಯ ಕೆಳಗೇ ನಿಂತಿದ್ದ ಇಂಪ್ಲಾಂಟ್ ಪೂರ್ತಿ ಒಳಗೆ ಹೋಗುತ್ತದೆ.

ಚೇರ್ ಎತ್ತಿ ರೋಗಿಯನ್ನು ನೇರ ಕೂರಿಸಿ. ಆಗ ಇಂಪ್ಲಾಂಟ್ ತಳಕ್ಕೆ, ಕುಳಿಯ ಹತ್ತಿರಕ್ಕೆ ಬರುವ ಸಾಧ್ಯತೆ ಜಾಸ್ತಿ. ಮೂಗು ಸೀಟಬೇಡಿ, ಸೀನು ಬಂದರೆ ಬಾಯಿ ತೆರೆದು ಸೀನಿ ಎಂದು ಹೇಳಿ. ಇಂಪ್ಲಾಂಟ್‌ನ ತುದಿ ಕುಳಿಯಲ್ಲಿ ಕಣ್ಣಿಗೆ ಕಾಣುತ್ತಿದ್ದರೆ ಅಗಲ ಬಾಯಿಯ ಸಕ್ಷನ್ ತುದಿಯನ್ನು ಕುಳಿಯ ಬಾಯಿಗೆ ಹಿಡಿದು ಒಮ್ಮೆ ಎಳೆದು ನೋಡಬಹುದು. ಒಳಗೆ ತೂರಿಸಬಾರದು. ಬರಲಿಲ್ಲ ಅಂದರೆ ಅಲ್ಲಿಗೆ ಬಿಡಿ. ಬರಲಿ ಎಂದು ಕುಳಿಯನ್ನೇ ಅಗಲಿಸಿದರೆ ಮುಚ್ಚಲು ಕಷ್ಟವಾಗುವ ತೂತು ನಿಮ್ಮ ಕೈಯಾರೆ ಆಗುತ್ತದೆ.

ಅಯಸ್ಕಾಂತ ಹಿಡಿದರೆ ಬರುತ್ತಾ ಎಂದು ಕೇಳುವವರಿದ್ದಾರೆ. ಬರುವುದಿಲ್ಲ. ಟೈಟಾನಿಯಂ ಅಯಸ್ಕಾಂತಕ್ಕೆ ಅಂಟುವ ಲೋಹವಲ್ಲ.

ಆಮೇಲೆ ಒಸಡನ್ನು ಗಾಳಿ ನುಸುಳದಂತೆ ಹೊಲಿಯಿರಿ. ಆ್ಯಂಟಿಬಯೋಟಿಕ್, ಮೂಗಿನ ಊತ ಇಳಿಸುವ ಡ್ರಾಪ್ಸ್ ಶುರುಮಾಡಿ. ಇಂಪ್ಲಾಂಟ್ ಪ್ಯಾಕಿನ ಸ್ಟಿಕ್ಕರನ್ನು ಕೇಸ್ ಶೀಟಿಗೆ ಅಂಟಿಸಿ. ಉದ್ದ ಎಷ್ಟು, ವ್ಯಾಸ ಎಷ್ಟು, ಕವರ್ ಸ್ಕ್ರೂ ಹಾಕಿತ್ತೇ ಇಲ್ಲವೇ ಎಂಬುದು ತೆಗೆಯುವವರಿಗೆ ಬೇಕು. ಮತ್ತು ರೋಗಿಗೆ ಅವತ್ತೇ, ಅಲ್ಲೇ, ನೇರವಾಗಿ ಹೇಳಿ. ಏನಾಯಿತು, ಮುಂದೇನು, ಯಾರ ಹತ್ತಿರ ಕಳಿಸುತ್ತಿದ್ದೀರಿ, ಎಲ್ಲವನ್ನೂ. ನನ್ನ ಹತ್ತಿರ ಬಂದ ಹಿರಿಯರೊಬ್ಬರಿಗೆ ಯಾರೂ ಏನೂ ಹೇಳಿರಲಿಲ್ಲ. ಒಂದೇ ಕಡೆಯ ಮೂಗಿನಿಂದ ಕೆಟ್ಟ ವಾಸನೆಯ ಕೀವು ಬರುತ್ತಿತ್ತು. ಶೀತ ಎಂದು ತಿಂಗಳುಗಟ್ಟಲೆ ಮಾತ್ರೆ ನುಂಗಿದ್ದರು. ಸಿ.ಟಿ. ತೆಗೆಸಿದಾಗ ಇಂಪ್ಲಾಂಟ್ ಬೆಳ್ಳಗೆ ಹೊಳೆಯುತ್ತಿತ್ತು. ಸೈನಸ್ ತೊಂದರೆ ಒಂದೇ ಬದಿಗೆ ಇದೆ ಅಂದರೆ ಆ ಬದಿಯ ಹಲ್ಲು ನೋಡದೆ ಬಿಡಬೇಡಿ.

ಚಿತ್ರ ತೆಗೆಯುವುದರಲ್ಲೇ ಅರ್ಧ ಕೆಲಸ

ಓಪಿಜಿ, ಅಂದರೆ ಇಡೀ ದವಡೆಯ ಚಪ್ಪಟೆ ಎಕ್ಸ್‌ರೇ, ಒಂದರಿಂದ ಸಾಲದು. ಇಂಪ್ಲಾಂಟ್ ಸೈನಸ್ಸಿನಲ್ಲಿದೆ ಅನ್ನುವುದನ್ನಷ್ಟೇ ಅದು ಹೇಳುತ್ತದೆ. ಮುಂದಿದೆಯೋ ಹಿಂದಿದೆಯೋ, ಪೊರೆಯ ಮೇಲಿದೆಯೋ ಕೆಳಗಿದೆಯೋ ಎಂದು ಹೇಳುವುದಿಲ್ಲ. ಸಿಬಿಸಿಟಿ (ಹಲ್ಲು, ದವಡೆಗೆ ಬಳಸುವ ಮೂರು ಆಯಾಮದ ಸ್ಕ್ಯಾನ್) ಅಥವಾ ಸಿ.ಟಿ. ಬೇಕು. ಬರೆದುಕೊಡುವಾಗ "ಮೇಲ್ದವಡೆ" ಎಂದಷ್ಟೇ ಬರೆದರೆ ಅರ್ಧ ಸೈನಸ್ ಬರುತ್ತದೆ. ಎರಡೂ ಬದಿಯ ಪೂರ್ತಿ ಸೈನಸ್, ಆಸ್ಟಿಯಮ್ ಮತ್ತು ಮೂಗಿನೊಳಗಿನ ಅದರ ಬಾಗಿಲು ಕಾಣಬೇಕು ಎಂದು ಬರೆಯಿರಿ.

ಇನ್ನು ನಾನು ಮೊದಲು ಕೇಳಿದ ಪ್ರಶ್ನೆಗೆ ಬರೋಣ. ಓಪಿಜಿ ತೆಗೆಯುವುದು ನಿಂತಾಗ ಅಥವಾ ಕೂತಾಗ. ಹೆಚ್ಚಿನ ಸಿಬಿಸಿಟಿ ಯಂತ್ರಗಳಲ್ಲೂ ರೋಗಿ ಕೂತಿರುತ್ತಾರೆ ಇಲ್ಲವೇ ನಿಂತಿರುತ್ತಾರೆ. ಸಿ.ಟಿ.ಯಲ್ಲಿ ಮಲಗಿರುತ್ತಾರೆ, ಆಪರೇಷನ್ ಟೇಬಲ್ ಮೇಲೂ ಅಷ್ಟೇ. ಕೂತಾಗ ತಳದಲ್ಲಿರುವ ಇಂಪ್ಲಾಂಟ್ ಮಲಗಿದಾಗ ಹಿಂಗೋಡೆಗೆ ಜಾರುತ್ತದೆ. ಕೂತು ತೆಗೆದದ್ದೊಂದು, ಮಲಗಿ ತೆಗೆದದ್ದೊಂದು, ಹೀಗೆ ಎರಡು ಚಿತ್ರಗಳು ಹೇಗೂ ಇದ್ದರೆ ಪಕ್ಕಪಕ್ಕ ಇಟ್ಟು ನೋಡಿ. ಜಾಗ ಬದಲಾಗಿದ್ದರೆ ಅದು ಸಡಿಲವಾಗಿ ಓಡಾಡುತ್ತಿದೆ. ಎರಡರಲ್ಲೂ ಅಲ್ಲೇ ಇದ್ದರೆ ಪೊರೆಯಲ್ಲೋ ಊದಿ ಬೆಳೆದ ಪೊರೆಯ ಗಂಟಾದ ಪಾಲಿಪ್‌ನಲ್ಲೋ ಹೂತುಕೊಂಡಿದೆ. ಹಾಗಿದ್ದರೆ ಕೆಲಸ ಸುಲಭ, ಕಿಟಕಿ ಎಲ್ಲಿ ಎಂದು ಕಣ್ಣುಮುಚ್ಚಿ ಹೇಳಬಹುದು. ಆದರೆ ಇದನ್ನು ತಿಳಿಯುವುದಕ್ಕೆಂದೇ ಎರಡನೇ ಸಲ ವಿಕಿರಣ ಕೊಡಬೇಡಿ.

ಹಳೆಯ ಚಿತ್ರ ನಂಬಿ ಆಪರೇಷನ್ ಮಾಡಬಾರದು. ಮೂರು ವಾರದ ಹಿಂದಿನ ಸಿಬಿಸಿಟಿ ಇದ್ದರೂ ಅವತ್ತು ಬೆಳಿಗ್ಗೆ ಒಂದು ಸರಳ ಎಕ್ಸ್‌ರೇ ಆದರೂ ತೆಗೆಸುತ್ತೇನೆ. ಸಡಿಲ ಇಂಪ್ಲಾಂಟ್ ಆಸ್ಟಿಯಮ್ ದಾಟಿ ಮೂಗಿಗೆ ಬಂದು, ಸೀನಿನ ಜತೆ ತಾನೇ ಹೊರಬಿದ್ದ ಉದಾಹರಣೆಗಳೂ ವೈದ್ಯಕೀಯ ದಾಖಲೆಯಲ್ಲಿವೆ. ಖಾಲಿ ಸೈನಸ್ ತೆರೆಯುವ ಪ್ರಸಂಗ ಯಾರಿಗೂ ಬೇಡ, ಅಲ್ವಾ?

ಚಿತ್ರದಲ್ಲಿ ಇನ್ನೂ ಮೂರು ವಿಷಯ ಗಮನಿಸಿ. ಪೊರೆ ಎಷ್ಟು ಊದಿದೆ, ಆಸ್ಟಿಯಮ್ ತೆರೆದಿದೆಯೇ, ಕುಳಿಯ ಜಾಗದಲ್ಲಿ ಮೂಳೆಯ ತೂತು ಎಷ್ಟು ಅಗಲ. ದಾರಿ ಯಾವುದು ಎಂದು ತೀರ್ಮಾನಿಸುವುದು ಇವುಗಳೇ.

ಯಾವ ದಾರಿ?

ಜಾರಿ ಕೆಲವೇ ದಿನವಾಗಿದೆ, ಪೊರೆ ಚೆನ್ನಾಗಿದೆ, ಆಸ್ಟಿಯಮ್ ತೆರೆದಿದೆ. ಇಂಥವರಿಗೆ ಬಾಯಿಯೊಳಗಿನಿಂದ ಸೈನಸ್ಸಿನ ಹೊರಗೋಡೆಯಲ್ಲಿ ಕಿಟಕಿ ಮಾಡಿ ತೆಗೆಯುವುದು ನನ್ನ ಆಯ್ಕೆ. ಲೋಕಲ್ ಅನಸ್ತೇಶಿಯಾದಲ್ಲೇ ಮುಗಿಯುತ್ತದೆ, ತೂತನ್ನೂ ಅದೇ ಫ್ಲಾಪ್‌ನಿಂದ, ಅಂದರೆ ಮೂಳೆಯಿಂದ ಎತ್ತಿದ ಒಸಡಿನ ಪದರದಿಂದ, ಮುಚ್ಚಬಹುದು.

ಚಿತ್ರದಲ್ಲಿ ಸೈನಸ್ ಪೂರ್ತಿ ಮಂಜಾಗಿದೆ, ಆಸ್ಟಿಯಮ್ ಮುಚ್ಚಿದೆ, ಇಂಪ್ಲಾಂಟ್ ಮೇಲೆ ಆಸ್ಟಿಯಮ್ ಹತ್ತಿರವೇ ಇದೆ. ಇಂಥವರನ್ನು ಇಎನ್‌ಟಿ ಸಹೋದ್ಯೋಗಿ ಜತೆ ಸೇರಿ ಮೂಗಿನ ಮೂಲಕ ಎಂಡೋಸ್ಕೋಪ್‌ನಿಂದ (ಒಳಗನ್ನು ತೋರಿಸುವ ತೆಳು ಕೊಳವೆ) ಮಾಡಬೇಕು. ಆಸ್ಟಿಯಮ್ ಮುಂದಿರುವ ಅನ್ಸಿನೇಟ್ ಎಂಬ ಮೂಳೆಯ ಹಾಳೆ ತೆಗೆದು, ಸಹಜ ಆಸ್ಟಿಯಮ್ಮನ್ನೇ ಅಗಲಿಸಿ, 45 ಅಥವಾ 70 ಡಿಗ್ರಿ ಎಂಡೋಸ್ಕೋಪ್‌ನಲ್ಲಿ ನೋಡುತ್ತಾ ಬಾಗಿದ ಫೋರ್ಸೆಪ್ಸ್‌ನಿಂದ ಹಿಡಿಯುತ್ತಾರೆ. ಲೋಳೆ ಹರಿಯುವ ದಾರಿ ಸರಿಯಾಗುವುದು ಇದರ ದೊಡ್ಡ ಲಾಭ. ಆದರೆ ತಳದ ಮುಂದಿನ ಮೂಲೆಯಲ್ಲಿ ಬಿದ್ದದ್ದಕ್ಕೆ ಈ ದಾರಿಯಿಂದ ಕೈ ಎಟುಕುವುದು ಕಷ್ಟ. ಬಾಗಿಲನ್ನು ಜಾಸ್ತಿ ಮುಂದಕ್ಕೆ ಅಗಲಿಸಿದರೆ ಕಣ್ಣೀರಿನ ನಾಳಕ್ಕೆ ಪೆಟ್ಟಾಗಬಹುದು. ಬಾಯಿಯ ತೂತನ್ನು ಮೂಗಿನಿಂದ ಮುಚ್ಚಲಿಕ್ಕಂತೂ ಆಗುವುದಿಲ್ಲ.

ಸೋಂಕೂ ಇದೆ, ಬಾಯಿಗೆ ತೂತೂ ಇದೆ ಅಂದರೆ ಎರಡೂ ದಾರಿ ಒಂದೇ ಸಲ. ಇದರಲ್ಲಿ ಇಎನ್‌ಟಿಯವರು ಮಾಡಬೇಕೋ ನಾವು ಮಾಡಬೇಕೋ ಎಂಬ ಎಳೆದಾಟ ಅಲ್ಲಲ್ಲಿ ನೋಡಿದ್ದೇನೆ. ರೋಗಿಗೆ ಅದರಿಂದ ಏನೂ ಉಪಯೋಗವಿಲ್ಲ. ಒಂದೇ ಅನಸ್ತೇಶಿಯಾದಲ್ಲಿ ಇಬ್ಬರೂ ನಿಂತು ಮುಗಿಸಿ.

ಕಿಟಕಿ ಮಾಡಿ ತೆಗೆಯುವ ವಿಧಾನ

ಈ ದಾರಿಯ ಮೂಲ ಹಳೆಯದು. 1893ರಲ್ಲಿ ಅಮೆರಿಕದ ಜಾರ್ಜ್ ಕಾಲ್ಡ್‌ವೆಲ್, 1897ರಲ್ಲಿ ಫ್ರಾನ್ಸಿನ ಆನ್ರಿ ಲ್ಯುಕ್ ಬೇರೆ ಬೇರೆಯಾಗಿ ವರದಿ ಮಾಡಿದ್ದು. ಆಗಿನ ಕಾಲ್ಡ್‌ವೆಲ್-ಲ್ಯುಕ್‌ನಲ್ಲಿ ಪೊರೆಯನ್ನು ಪೂರ್ತಿ ಕಿತ್ತು, ಮೂಗಿನ ಕೆಳಭಾಗಕ್ಕೆ ಹೊಸ ತೂತು ಮಾಡುತ್ತಿದ್ದರು. ನಾವು ಈಗ ಹಾಗೆ ಮಾಡುವುದಿಲ್ಲ. ರೋಮವಿರುವ ಪೊರೆ ಹೋದರೆ ಗಾಯದ ಕಲೆ ತುಂಬಿದ, ತನ್ನನ್ನು ತಾನು ತೊಳೆದುಕೊಳ್ಳಲಾರದ ಸೈನಸ್ ಉಳಿಯುತ್ತದೆ.

ಮರಗಟ್ಟಿಸುವುದು. ಅಡ್ರಿನಲಿನ್ ಸೇರಿಸಿದ 2% ಲಿಗ್ನೊಕೇನ್ ಸಾಕು. ಹಿಂದಿನ ಮೇಲ್ದವಡೆ ನರದ ಬ್ಲಾಕ್, ಕಣ್ಣಿನ ಕೆಳಗಿನ ಇನ್‌ಫ್ರಾಆರ್ಬಿಟಲ್ ಬ್ಲಾಕ್, ಅಂಗುಳಿನ ಗ್ರೇಟರ್ ಪ್ಯಾಲಟೈನ್ ಬ್ಲಾಕ್, ಮೂರೂ ಕೊಡಿ. ಆ ಬದಿಯ ಮೂಗಿಗೆ ಊತ ಇಳಿಸುವ ಡ್ರಾಪ್ಸ್‌ನಲ್ಲಿ ಅದ್ದಿದ ಹತ್ತಿ ಇಟ್ಟರೆ ಆಸ್ಟಿಯಮ್ ಬಿಚ್ಚಿಕೊಳ್ಳುತ್ತದೆ. ಜನರಲ್ ಅನಸ್ತೇಶಿಯಾ ಆದರೆ ಗಂಟಲಿಗೆ ಪ್ಯಾಕ್ ಇಡಿ. ಇಟ್ಟದ್ದನ್ನು ಬೋರ್ಡ್ ಮೇಲೆ ಬರೆಸಿ.

ಟೇಬಲ್ಲಿನ ತಲೆಯ ಭಾಗವನ್ನು 20-30 ಡಿಗ್ರಿ ಎತ್ತಿಡಿ. ರಕ್ತ ಕಡಿಮೆ ಸುರಿಯುತ್ತದೆ, ಇಂಪ್ಲಾಂಟ್ ಹಿಂದಕ್ಕೆ ಜಾರುವುದೂ ತಗ್ಗುತ್ತದೆ.

ಛೇದ ಎಲ್ಲಿ ಹಾಕುವುದು ಅನ್ನುವುದು ತೂತಿನ ಮೇಲೆ ನಿಂತಿದೆ. ತೂತು ಇಲ್ಲ, ಕುಳಿ ವಾಸಿಯಾಗಿದೆ ಅಂದರೆ ಕೋರೆಹಲ್ಲಿನಿಂದ ಮೊದಲ ದವಡೆ ಹಲ್ಲಿನವರೆಗೆ, ಒಸಡು ಕೆನ್ನೆಯ ಪೊರೆಗೆ ತಿರುಗುವ ಗೆರೆಯಿಂದ ಸುಮಾರು ಅರ್ಧ ಸೆಂ.ಮೀ. ಮೇಲೆ ಹಾಕಿ. ಕೆಳಗೆ ಹೊಲಿಯಲು ಪೊರೆಯ ಅಂಚು ಉಳಿಯಬೇಕು. ತೂತು ಇದೆ ಅಂದರೆ ದವಡೆ ದಿಂಡಿನ ಮೇಲೆಯೇ ಛೇದ ಹಾಕಿ, ಎರಡೂ ಬದಿಗೆ ಮೇಲಕ್ಕೆ ಬಿಡಿಸುವ ಛೇದ ಕೊಡಿ. ತಳ ಅಗಲವಾದ ಈ ಫ್ಲಾಪ್ ಕೊನೆಯಲ್ಲಿ ತೂತು ಮುಚ್ಚುವುದಕ್ಕೂ ಬರುತ್ತದೆ. ಮೊದಲೇ ಯೋಚಿಸದೆ ಮೇಲಿನ ಛೇದ ಹಾಕಿಬಿಟ್ಟರೆ ಆಮೇಲೆ ಫ್ಲಾಪ್‌ನ ರಕ್ತ ಪೂರೈಕೆ ಕೆಡುತ್ತದೆ.

ಮೂಳೆಗೆ ಅಂಟಿದ ಪದರವಾದ ಪೆರಿಯಾಸ್ಟಿಯಮ್ ಸಮೇತ ಮೂಳೆಯಿಂದ ಬಿಡಿಸಿ ಮೇಲಕ್ಕೆ ಎತ್ತಿ. ಇನ್‌ಫ್ರಾಆರ್ಬಿಟಲ್ ನರ ಹೊರಬರುವ ಜಾಗ ಕಣ್ಣಿನ ಗೂಡಿನ ಕೆಳ ಅಂಚಿನಿಂದ ಒಂದು ಸೆಂ.ಮೀ. ಒಳಗೇ ಇದೆ. ಅದರ ಕೆಳಗೆ ನಿಲ್ಲಿ. ರಿಟ್ರ್ಯಾಕ್ಟರ್ ಹಿಡಿದವರಿಗೆ ನಾನು ಮತ್ತೆ ಮತ್ತೆ ಹೇಳುವ ಮಾತು: ಮೂಳೆಗೆ ಊರಿ ಹಿಡಿಯಿರಿ, ಕೆನ್ನೆಯನ್ನು ಎಳೆಯಬೇಡಿ. ಶಸ್ತ್ರಚಿಕಿತ್ಸೆ ಆದ ಮೇಲೆ ಕೆನ್ನೆ, ಮೇಲ್ತುಟಿ ಜೋಮು ಹಿಡಿದರೆ ಅದಕ್ಕೆ ಬ್ಲೇಡಿಗಿಂತ ರಿಟ್ರ್ಯಾಕ್ಟರ್ ಕಾರಣವಾಗಿರುವುದೇ ಜಾಸ್ತಿ.

ಕಿಟಕಿಯ ಜಾಗವನ್ನು ಚಿತ್ರದಲ್ಲಿ ಅಳೆದಿಟ್ಟುಕೊಂಡಿರಿ. ಪಕ್ಕದಲ್ಲಿ ಹಲ್ಲಿದ್ದರೆ ಬೇರಿನ ತುದಿಯಿಂದ 4-5 ಮಿ.ಮೀ. ಮೇಲಿರಬೇಕು. ಸುಮಾರು 15 ಮಿ.ಮೀ. ಉದ್ದ, 10 ಮಿ.ಮೀ. ಎತ್ತರ ನನಗೆ ಸಾಕು. ಸಕ್ಷನ್, ಫೋರ್ಸೆಪ್ಸ್, ಎಂಡೋಸ್ಕೋಪ್ ಒಟ್ಟಿಗೆ ಹಿಡಿಯಬೇಕಲ್ಲ, ಅದಕ್ಕಿಂತ ಸಣ್ಣದಾದರೆ ಕೈ ಕಟ್ಟಿಹಾಕಿದಂತೆ. ಹೊರಗೋಡೆಯೊಳಗೆ ಒಂದು ರಕ್ತನಾಳ ಅಡ್ಡ ಹರಿಯುತ್ತದೆ, ಸಾಮಾನ್ಯವಾಗಿ ದಿಂಡಿನಿಂದ 15-20 ಮಿ.ಮೀ. ಮೇಲೆ. ದಿಂಡು ಸವೆದಿದ್ದರೆ ಇನ್ನೂ ಹತ್ತಿರ. ಸಿಬಿಸಿಟಿಯಲ್ಲಿ ಕಂಡರೆ ಅದನ್ನು ತಪ್ಪಿಸಿ ಗೆರೆ ಎಳೆಯಿರಿ. ತುಂಡಾದರೆ ಗಾಬರಿ ಬೇಡ. ಒತ್ತಿ ಹಿಡಿಯುವುದು, ಬೋನ್ ವ್ಯಾಕ್ಸ್, ಕಾಟರಿ, ಇಷ್ಟರಲ್ಲಿ ನಿಲ್ಲುತ್ತದೆ.

ಹಿಂದೆ ಗುಂಡು ಬರ್‌ನಿಂದ ಮೂಳೆಯನ್ನು ಪೂರ್ತಿ ಉಜ್ಜಿ ತೆಗೆಯುತ್ತಿದ್ದೆವು. ಈಗ ನಾನು ಪೀಜೋ (ಅತಿವೇಗದ ಕಂಪನದಿಂದ ಮೂಳೆ ಕತ್ತರಿಸುವ ಉಪಕರಣ) ಬಳಸಿ ಮೂಳೆಯ ಮುಚ್ಚಳವನ್ನೇ ತೆಗೆದು, ಸಲೈನ್‌ನಲ್ಲಿ ಇಟ್ಟು, ಕೊನೆಗೆ ಮರಳಿ ಕೂರಿಸುತ್ತೇನೆ. ಪೀಜೋ ಮೂಳೆ ಕತ್ತರಿಸುತ್ತದೆ, ಮೆತ್ತನೆಯ ಪೊರೆಗೂ ರಕ್ತನಾಳಕ್ಕೂ ತೊಂದರೆ ಬಹಳ ಕಡಿಮೆ. ಕತ್ತರಿಸುವಾಗ ತುದಿಯನ್ನು ಒಳಕ್ಕೆ ಓರೆಯಾಗಿ ಹಿಡಿಯಿರಿ. ಅಂಚು ಓರೆಯಿದ್ದರೆ ಮುಚ್ಚಳ ಮರಳಿ ಇಟ್ಟಾಗ ಒಳಗೆ ಬೀಳುವುದಿಲ್ಲ. ಪ್ಲೇಟ್ ಹಾಕುವುದಾದರೆ ಮುಚ್ಚಳ ಬಿಡಿಸುವ ಮೊದಲೇ ಸ್ಕ್ರೂ ತೂತು ಕೊರೆದಿಡಿ. ಬಿಡಿಸಿದ ಮೇಲೆ ಕೈಯಲ್ಲಿ ಹಿಡಿದು ಕೊರೆಯುವುದು ಬೇಡದ ಕಷ್ಟ.

ಈಗ ಪೊರೆ ಕಾಣುತ್ತದೆ. ಸೈನಸ್ ಲಿಫ್ಟ್ (ಪೊರೆ ಎತ್ತಿ ಕೆಳಗೆ ಮೂಳೆ ಬೆಳೆಸುವುದು) ಮಾಡಿ ಅಭ್ಯಾಸವಿರುವವರಿಗೆ ಇಲ್ಲಿ ಕೈ ಹಿಂಜರಿಯುತ್ತದೆ. ಅಲ್ಲಿ ಪೊರೆ ಹರಿಯಬಾರದು, ಇಲ್ಲಿ ಕತ್ತರಿಸಲೇಬೇಕು. ಯು ಆಕಾರದಲ್ಲಿ ಕತ್ತರಿಸಿ ಮೇಲಕ್ಕೆ ಮಡಚಿ. ಒಂದು ಮಾತು ನೆನಪಿರಲಿ: ಜಾರಿದ್ದು ಇತ್ತೀಚೆಗೆ ಆದರೆ ಇಂಪ್ಲಾಂಟ್ ಪೊರೆಗೂ ಮೂಳೆಗೂ ನಡುವೆಯೇ ಇರಬಹುದು. ಆಗ ಪೊರೆಯನ್ನು ತೆರೆಯುವ ಅಗತ್ಯವೇ ಇಲ್ಲ, ಬಿಡಿಸುತ್ತಾ ಹೋದರೆ ಸಿಗುತ್ತದೆ.

ಒಳಹೊಕ್ಕ ಮೇಲೆ ಮೊದಲು ನೋಡಿ, ಆಮೇಲೆ ಕೈ ಹಾಕಿ. ಹೆಡ್‌ಲೈಟ್ ಇರಲಿ, 30 ಡಿಗ್ರಿ ಎಂಡೋಸ್ಕೋಪ್ ಇದ್ದರೆ ಇನ್ನೂ ಒಳ್ಳೆಯದು. ರಕ್ತ, ಕೀವು ಎಳೆದುಕೊಳ್ಳಿ. ಆ ಸಕ್ಷನ್ ಜಾರಿನ ಬಾಯಿಗೆ ಒಂದು ಗಾಜ್ ಬಟ್ಟೆ ಕಟ್ಟಿಸಿರಿ. 3.5 ಮಿ.ಮೀ. ಇಂಪ್ಲಾಂಟೂ ಕವರ್ ಸ್ಕ್ರೂವೂ ಅಗಲ ಸಕ್ಷನ್‌ನೊಳಗೆ ಸದ್ದಿಲ್ಲದೆ ಹೋಗಬಲ್ಲವು. ಆಮೇಲೆ ಅರ್ಧ ಗಂಟೆ ಖಾಲಿ ಸೈನಸ್ ಹುಡುಕುವ ಕೆಲಸ.

ಕಂಡರೆ ಬಾಗಿದ ಆರ್ಟರಿ ಫೋರ್ಸೆಪ್ಸ್‌ನಿಂದ ಅಥವಾ ಮೂಗಿನ ಫೋರ್ಸೆಪ್ಸ್‌ನಿಂದ ಹಿಡಿಯಿರಿ. ಉದ್ದಕ್ಕೆ ಹಿಡಿದರೆ ಜಾರುತ್ತದೆ. ಕೊರಳಿನ ಕೆಳಗೆ, ಅಡ್ಡಕ್ಕೆ ಹಿಡಿದರೆ ಅದರ ಮೈಮೇಲಿನ ತಿರುಪಿನ ಮರೆಗಳು ಹಿಡಿತ ಕೊಡುತ್ತವೆ. ಕಾಣದಿದ್ದರೆ ಮೊದಲ ಉಪಾಯ ತಲೆ ತಿರುಗಿಸುವುದು. ಆಪರೇಷನ್ ಮಾಡುತ್ತಿರುವ ಬದಿಗೇ ಮುಖ ತಿರುಗಿಸಿದರೆ ಹೊರಗೋಡೆ ಕೆಳಗೆ ಬರುತ್ತದೆ, ಹಿಂದಿದ್ದ ಇಂಪ್ಲಾಂಟ್ ಕಿಟಕಿಯ ಕಡೆಗೆ ಉರುಳುತ್ತದೆ. ಟೇಬಲ್ಲಿನ ತಲೆ ಇನ್ನಷ್ಟು ಎತ್ತಿದರೆ ತಳಕ್ಕೆ ಬರುತ್ತದೆ. ಎರಡನೆಯದು ಸಲೈನ್ ರಭಸವಾಗಿ ಹಾಯಿಸಿ ಜತೆಜತೆಗೇ ಎಳೆದುಕೊಳ್ಳುವುದು. ಮೂರನೆಯದು ಹಳೆಯ ಕೈಗಳ ಉಪಾಯ, ನನಗೆ ಬಹಳ ಇಷ್ಟ. ಅರ್ಧ ಇಂಚು ಅಗಲದ ಉದ್ದನೆಯ ರಿಬ್ಬನ್ ಗಾಜ್ ಬಟ್ಟೆಯನ್ನು ಸಲೈನ್‌ನಲ್ಲಿ ಒದ್ದೆ ಮಾಡಿ ಸೈನಸ್ಸಿನೊಳಗೆ ತುಂಬಿ, ಒಂದೇ ಎಳೆತಕ್ಕೆ ಹೊರಗೆಳೆಯುವುದು. ಇಂಪ್ಲಾಂಟ್‌ನ ಮರೆಗಳು ಆ ಬಟ್ಟೆಯ ನೂಲಿಗೆ ಸಿಕ್ಕಿಕೊಂಡು ಬರುತ್ತವೆ. ಇಷ್ಟಕ್ಕೂ ಸಿಗದಿದ್ದರೆ ಸಿ-ಆರ್ಮ್ ತರಿಸಿ ಅಲ್ಲೇ ಎಕ್ಸ್‌ರೇ ನೋಡಿ. ಕುರುಡಾಗಿ ಹಿಂಗೋಡೆಯನ್ನೂ ಚಾವಣಿಯನ್ನೂ ಕೆದಕಬೇಡಿ. ಚಾವಣಿಯ ಆಚೆ ಕಣ್ಣಿದೆ.

ಕೈಗೆ ಸಿಕ್ಕ ಮೇಲೆ ಸ್ಟಿಕ್ಕರಿನ ಜತೆ ಹೋಲಿಸಿ. ಉದ್ದ ಸರಿಯೇ? ಕವರ್ ಸ್ಕ್ರೂ ಅದರ ಮೇಲೇ ಇದೆಯೇ? ಇಂಪ್ಲಾಂಟ್ ಕೂರಿಸುವಾಗ ಮೂಳೆ ಪುಡಿಯೂ ಹಾಕಿದ್ದರೆ ಅದರ ಕಣಗಳೂ ಒಳಗೆ ಚದುರಿರುತ್ತವೆ. ಸೋಂಕು ತಗುಲಿದ್ದರೆ ತೊಳೆದು ತೆಗೆಯಿರಿ.

ಪೊರೆಯ ವಿಷಯದಲ್ಲಿ ಕೈ ಬಿಗಿ ಇರಲಿ. ಪಾಲಿಪ್ ಆದಷ್ಟು ಭಾಗ, ಕೊಳೆತ ಭಾಗ ಮಾತ್ರ ತೆಗೆಯಿರಿ. ಊದಿಕೊಂಡಿದೆ ಅನ್ನುವ ಒಂದೇ ಕಾರಣಕ್ಕೆ ಕೀಳಬೇಡಿ, ಕಾರಣ ಹೋದ ಮೇಲೆ ಅದು ತಾನೇ ಇಳಿಯುತ್ತದೆ. ತೆಗೆದದ್ದನ್ನು ಪೆಥಾಲಜಿಗೆ ಕಳಿಸಿ. ಕಂದು ಅಥವಾ ಕಪ್ಪು ಬಣ್ಣದ ಪುಡಿಪುಡಿಯಾದ ಉಂಡೆ ಸಿಕ್ಕರೆ ಅದು ಫಂಗಸ್ ಇರಬಹುದು, ಚೀಟಿಯಲ್ಲಿ ಹಾಗೆಂದು ಬರೆಯಿರಿ. ಆಮೇಲೆ ಬೆಚ್ಚಗಿನ ಸಲೈನ್‌ನಿಂದ ಧಾರಾಳವಾಗಿ ತೊಳೆಯಿರಿ. ತೊಳೆಯುವಾಗ ನೀರು ಮೂಗಿನಿಂದ ಬರುತ್ತಿದೆಯೇ ಗಮನಿಸಿ. ಬಂದರೆ ಆಸ್ಟಿಯಮ್ ತೆರೆದಿದೆ. ಬರದಿದ್ದರೆ ಮೂರನೇ ಕೆಲಸ ಬಾಕಿಯಿದೆ, ಎಂಡೋಸ್ಕೋಪ್ ಹಿಡಿಯುವವರನ್ನು ಕರೆಯಿರಿ.

ಮುಚ್ಚಳ ಮರಳಿ ಕೂರಿಸಿ, ಮೈಕ್ರೋಪ್ಲೇಟ್ ಅಥವಾ ಕರಗುವ ಹೊಲಿಗೆಯಿಂದ ನಿಲ್ಲಿಸಿ. ಮುಚ್ಚಳ ಕೊಳೆತಿದ್ದರೆ ಬಿಟ್ಟುಬಿಡಿ, ಕೊಲಾಜೆನ್ ಪೊರೆ ಹೊದಿಸಿ.

ತೂತು ಮುಚ್ಚುವುದು

ಎರಡು ಮಿ.ಮೀ. ಒಳಗಿನ ತೂತು ಸೋಂಕಿಲ್ಲದಿದ್ದರೆ ಸಾಮಾನ್ಯವಾಗಿ ತಾನೇ ಮುಚ್ಚಿಕೊಳ್ಳುತ್ತದೆ. ಐದು ಮಿ.ಮೀ. ದಾಟಿದ್ದನ್ನು ಮುಚ್ಚಲೇಬೇಕು. ಇಂಪ್ಲಾಂಟ್ ಹೋದ ಕುಳಿ ಇವೆರಡರ ನಡುವೆ ಬರುವುದೇ ಹೆಚ್ಚು. ನಾನು ಹೇಗೂ ಫ್ಲಾಪ್ ಎತ್ತಿರುತ್ತೇನೆ, ಮುಚ್ಚಿಯೇಬಿಡುತ್ತೇನೆ. ಹಳೆಯದಾಗಿ ಒಳಗೆಲ್ಲ ಚರ್ಮ ಬೆಳೆದು ಫಿಸ್ಟುಲಾ ಆಗಿದ್ದರೆ ಆ ಕೊಳವೆಯನ್ನು ಪೂರ್ತಿ ಕತ್ತರಿಸಿ ತೆಗೆದ ಮೇಲೆಯೇ ಹೊಲಿಗೆ. ಇಲ್ಲದಿದ್ದರೆ ಹೊಲಿದದ್ದು ನಿಲ್ಲುವುದಿಲ್ಲ.

ಸರಳ ವಿಧಾನ ರೇರ್‌ಮನ್ 1936ರಲ್ಲಿ ತಿಳಿಸಿದ ಕೆನ್ನೆಯ ಕಡೆಯ ಫ್ಲಾಪ್. ಒಳಮೈಯ ಪೆರಿಯಾಸ್ಟಿಯಮ್ ಮೇಲೆ ಅಡ್ಡಲಾಗಿ ತೆಳ್ಳಗೆ ಗೀರು ಹಾಕಿದರೆ ಫ್ಲಾಪ್ ಉದ್ದವಾಗಿ ಅಂಗುಳಿನ ಅಂಚಿಗೆ ತಲುಪುತ್ತದೆ. ತುಟಿ, ಕೆನ್ನೆ ಎಳೆದು ನೋಡಿ. ಹೊಲಿಗೆಯ ಗೆರೆ ಬೆಳ್ಳಗಾದರೆ ಇನ್ನೂ ಬಿಗಿ ಇದೆ ಎಂದರ್ಥ, ಮತ್ತೆ ಬಿಡಿಸಿ. ಇದರ ಕೊರತೆ ಅಂದರೆ ಕೆನ್ನೆಯ ಒಳಮಡಿಕೆ ಆಳ ಕಳೆದುಕೊಳ್ಳುತ್ತದೆ, ಮುಂದೆ ಹಲ್ಲಿನ ಸೆಟ್ ಹಾಕಿಕೊಳ್ಳುವವರಿಗೆ ತೊಂದರೆ.

ಹಿಂದಿನ ದವಡೆ ಹಲ್ಲಿನ ಜಾಗದ ದೊಡ್ಡ ತೂತಿಗೆ ಕೆನ್ನೆಯ ಕೊಬ್ಬು, ಅಂದರೆ ಬಕಲ್ ಫ್ಯಾಟ್ ಪ್ಯಾಡ್, ನನ್ನ ನೆಚ್ಚಿನದು. ಎಗ್ಯೆಡಿ 1977ರಲ್ಲಿ ಇದನ್ನು ಇಂಥ ಕೆಲಸಕ್ಕೆ ಬಳಕೆಗೆ ತಂದ. ಎರಡನೇ ದವಡೆ ಹಲ್ಲಿನ ಮೇಲ್ಭಾಗದಲ್ಲಿ ಪೆರಿಯಾಸ್ಟಿಯಮ್‌ಗೆ ಸಣ್ಣ ಛೇದ ಕೊಟ್ಟು, ಮೊಂಡು ಕತ್ತರಿಯಿಂದ ಹಿಗ್ಗಿಸಿ, ಹೊರಗಿನಿಂದ ಕೆನ್ನೆ ಒತ್ತಿದರೆ ಹಳದಿ ಕೊಬ್ಬು ತಾನೇ ಇಣುಕುತ್ತದೆ. ಸಕ್ಷನ್ ಅದರ ಹತ್ತಿರ ತರಬೇಡಿ, ಎಳೆದು ಹರಿಯಬೇಡಿ. ತೂತಿನ ಮೇಲೆ ಹರಡಿ ಅಂಗುಳಿನ ಅಂಚಿಗೆ ಹೊಲಿಯಿರಿ. ಅದರ ಮೇಲೆ ಫ್ಲಾಪ್ ಹೊದಿಸಿದರೆ ಎರಡು ಪದರ. ಹೊದಿಸದೆ ಬಿಟ್ಟರೂ ಮೂರು ನಾಲ್ಕು ವಾರದಲ್ಲಿ ಮೇಲೆ ಬಾಯಿಯ ಪೊರೆ ಬೆಳೆದು ಮುಚ್ಚುತ್ತದೆ. ಮೊದಲ ವಾರ ಅದು ಕೆಂಪಗೆ, ಅಸಹ್ಯವಾಗಿ ಕಾಣುತ್ತದೆ. ರೋಗಿಗೆ ಮೊದಲೇ ಹೇಳಿಡಿ, ಕನ್ನಡಿ ನೋಡಿ ಹೆದರುತ್ತಾರೆ.

ಆಮೇಲೆ

ಎರಡು ವಾರ ಮೂಗು ಸೀಟಬಾರದು. ಸ್ಟ್ರಾದಲ್ಲಿ ಹೀರಬಾರದು, ಬಲೂನು ಊದಬಾರದು, ಸಿಗರೇಟು ಬೇಡ, ವಿಮಾನ ಬೇಡ, ಈಜು ಬೇಡ. ಇದನ್ನು ಬಾಯಲ್ಲಿ ಹೇಳಿದರೆ ಅರಿವಳಿಕೆಯ ಮಂಪರಿನಲ್ಲಿ ಮರೆಯುತ್ತಾರೆ. ಬರೆದುಕೊಡಿ, ಜತೆಗೆ ಬಂದವರಿಗೂ ಹೇಳಿ. ಮೊದಲೆರಡು ದಿನ ಮೂಗಿನಿಂದ ಸ್ವಲ್ಪ ರಕ್ತ ಬಂದರೆ ಸಹಜ. ಕೆನ್ನೆಯ ಊತ ಎರಡು ಮೂರನೇ ದಿನಕ್ಕೆ ಜಾಸ್ತಿಯಾಗಿ ಆಮೇಲೆ ಇಳಿಯುತ್ತದೆ.

ಪೆನಿಸಿಲಿನ್ ಅಲರ್ಜಿ ಇಲ್ಲದವರಿಗೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಒಂದು ವಾರ ಕೊಡುತ್ತೇನೆ. ಕೀವಿನ ಕಲ್ಚರ್ ಪರೀಕ್ಷೆ ಬೇರೆ ಹೇಳಿದರೆ ಬದಲಿಸುತ್ತೇನೆ. ಕ್ಸೈಲೋಮೆಟಜೋಲಿನ್ ಡ್ರಾಪ್ಸ್ ಐದು ದಿನಕ್ಕಿಂತ ಹೆಚ್ಚು ಬೇಡ, ಮೂಗು ಅದಕ್ಕೆ ಒಗ್ಗಿ ಮತ್ತೆ ಊದಿಕೊಳ್ಳುತ್ತದೆ. ಸಲೈನ್ ಸ್ಪ್ರೇ ಬೇಕಾದಷ್ಟು ದಿನ. ಹೊಲಿಗೆ ಬಿಚ್ಚುವುದು 10ರಿಂದ 14 ದಿನಕ್ಕೆ. ತೂತು ಮುಚ್ಚಿದ್ದರೆ ನಾನು 14ರ ಕಡೆಗೆ.

ಬಾಯಿಗೆ ಹಾಕಿಕೊಂಡ ನೀರು ಮೂಗಿನಿಂದ ಬಂದರೆ, ಒಂದೇ ಬದಿಗೆ ಕೆಟ್ಟ ವಾಸನೆ ಶುರುವಾದರೆ, ಕಣ್ಣಿನ ಸುತ್ತ ಊದಿದರೆ ಅಥವಾ ದೃಷ್ಟಿ ಮಂಜಾದರೆ ಕಾಯಬೇಡಿ, ಅವತ್ತೇ ಬನ್ನಿ ಎಂದು ಹೇಳಿಡಿ. ಕೆನ್ನೆಯ ಜೋಮು ಹೆಚ್ಚಿನವರಲ್ಲಿ ವಾರಗಳಲ್ಲಿ ಇಳಿಯುತ್ತದೆ. ಕೆಲವರಲ್ಲಿ ತಿಂಗಳುಗಳೇ ಬೇಕು.

ಅದೇ ಜಾಗಕ್ಕೆ ಮತ್ತೆ ಇಂಪ್ಲಾಂಟ್ ಹಾಕಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಹಾಕಬಹುದು, ಆದರೆ ಈಗಲೇ ಅಲ್ಲ. ಸಾಮಾನ್ಯವಾಗಿ ಆರು ತಿಂಗಳು ಬಿಟ್ಟು ಹೊಸ ಸಿಬಿಸಿಟಿ ತೆಗೆಸುತ್ತೇನೆ. ಸೈನಸ್ ತಿಳಿಯಾಗಿರಬೇಕು, ಆಸ್ಟಿಯಮ್ ತೆರೆದಿರಬೇಕು, ತೂತಿದ್ದ ಕಡೆ ಮೂಳೆ ಕೂಡಿರಬೇಕು. ಉಳಿದ ಎತ್ತರ ನಾಲ್ಕೈದು ಮಿ.ಮೀ.ಗಿಂತ ಕಡಿಮೆಯಿದ್ದರೆ ಮೊದಲು ಸೈನಸ್ ಲಿಫ್ಟ್ ಮಾತ್ರ ಮಾಡಿ, ಮೂಳೆ ಗಟ್ಟಿಯಾದ ಮೇಲೆ ಇಂಪ್ಲಾಂಟ್ ಹಾಕುತ್ತೇನೆ. ಒಮ್ಮೆ ಗಾಯವಾದ ಪೊರೆ ಕಲೆಗಟ್ಟಿ ಮೂಳೆಗೆ ಅಂಟಿಕೊಂಡಿರುತ್ತದೆ, ಎತ್ತುವಾಗ ಬೇಗ ಹರಿಯುತ್ತದೆ. ಆ ಲಿಫ್ಟ್‌ಗೆ ಎರಡು ಪಟ್ಟು ಸಮಯ ಇಟ್ಟುಕೊಳ್ಳಿ. ಇನ್ನು ಕೆಲವರು ಇಂಪ್ಲಾಂಟ್ ಸಹವಾಸವೇ ಬೇಡ, ಬ್ರಿಡ್ಜ್ ಹಾಕಿ ಸಾಕು ಅನ್ನುತ್ತಾರೆ. ಪಕ್ಕದ ಹಲ್ಲುಗಳು ಗಟ್ಟಿಯಿದ್ದರೆ ನಾನು ಮರುಮಾತಾಡದೆ ಒಪ್ಪುತ್ತೇನೆ.